ಜಠರದ ಅರ್ಬುದವೂ ಆರ್.ಎನ್.ಎ. ಎಂಬ ಚೀಟಿಗಳೂ

ಕಳೆದ ವರ್ಷ ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ದಿನ ನಮ್ಮ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ತಲೆ ಬೋಳಿಸಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕುಳಿತನು. ಅವನ ತಂದೆ ಕುಂದಾಪುರದ ಕಡೆಯವರು. ಈ ನಗರದ ಒಂದು ಉಡುಪಿ ಹೋಟೆಲಿನ ಅಡಿಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದೋಸೆ ಹೊಯ್ದವರು. ಜಠರದ ಅರ್ಬುದದಿಂದ ತೀರಿಕೊಂಡಿದ್ದರು. ಊರಿನ ಹಿರಿಯರು ಏಡಿಹುಣ್ಣು ಎಂದು ಕರೆಯುವ ಆ ರೋಗವು ಮೊದಲು ಬರಿಯ ಹೊಟ್ಟೆಯುರಿಯಾಗಿ ಬಂದಿತು. ಔಷಧದ ಅಂಗಡಿಯ ಬಿಳಿಯ ಔಷಧದಲ್ಲಿ ಎರಡು ತಿಂಗಳು ಕಳೆದವು. ಓಣಿಯ ಒಂದು ದವಾಖಾನೆಯಲ್ಲಿ ಗ್ಯಾಸಿನ ತೊಂದರೆಯೆಂದು ಗುಳಿಗೆ ಕೊಟ್ಟರು. ಅದರಲ್ಲಿ ಮತ್ತೆ ನಾಲ್ಕು ತಿಂಗಳು ಹೋದವು. ಊಟ ಸೇರದೆ, ಮೈ ಇಳಿದು, ಮಲವು ಕಪ್ಪಾದ ಮೇಲೆ ದುರ್ಬೀನಿನ ನಳಿಗೆಯನ್ನು ಗಂಟಲೊಳಗಿಳಿಸಿ ನೋಡಿದಾಗ ಗಂತಿಯು ಜಠರದ ಗೋಡೆಯನ್ನು ದಾಟಿ ಯಕೃತ್ತನ್ನು ಮುಟ್ಟಿದ್ದಿತು.

ಕೆಲವು ವಾರಗಳ ಬಳಿಕ ಆ ಹುಡುಗನು ಕನ್ನಡದ ತಾಸಿನಲ್ಲಿ ಎದ್ದು ನಿಂತು ಕೇಳಿದನು: “ಸರ್, ಮೈಯ ಎಲ್ಲ ಕೋಶಗಳಲ್ಲಿಯೂ ಒಂದೇ ವಂಶವಾಹಿಗಳು ಇರುವವೆಂದು ವಿಜ್ಞಾನದ ಟೀಚರು ಹೇಳಿದರು. ಹಾಗಿದ್ದರೆ ಅಪ್ಪನ ಜಠರದ ಕೋಶಗಳಿಗೆ ಮಾತ್ರ ಬುದ್ಧಿ ಕೆಟ್ಟದ್ದು ಏಕೆ?”

ನಾವು ವಿಜ್ಞಾನದ ಶಿಕ್ಷಕರಲ್ಲ. ವಿಜಾಪುರದ ಸೀಮೆಯಿಂದ ಹೊಟ್ಟೆಯ ಪಾಡಿಗಾಗಿ ಈ ಮಹಾನಗರಕ್ಕೆ ಬಂದವರು. ಮೆಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿ, ಕನ್ನಡವನ್ನೇ ಕಲಿಸುತ್ತಿರುವವರು. ಆದರೆ ಪ್ರಶ್ನೆಯು ಕನ್ನಡದಲ್ಲಿ ಬಂದಿದ್ದಿತು. ಉತ್ತರವೂ ಕನ್ನಡದಲ್ಲಿಯೇ ಸಿಕ್ಕಬೇಕೆಂಬ ಹಟದಿಂದ ವಿಜ್ಞಾನದ ಸಹೋದ್ಯೋಗಿಗಳನ್ನು ಕಾಡಿ, ಬೇಡಿ, ಓದಿ ತಿಳಿದುಕೊಂಡುದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ನಮ್ಮ ನಗರದ ಮಾತು. ಭಾರತದಲ್ಲಿ ಅರ್ಬುದರೋಗದ ಅಧ್ಯಯನಕ್ಕೆ ತೊಟ್ಟಿಲಾದದ್ದು ಪರಳದ ಭಾಗ. ದೊರಾಬಜಿ ಟಾಟಾ ಅವರ ಪತ್ನಿ ಮೆಹರಬಾಯಿಯವರು ೧೯೩೧ರಲ್ಲಿ ರಕ್ತದ ಅರ್ಬುದದಿಂದ ತೀರಿಕೊಂಡರು. ಮರುವರ್ಷ ದೊರಾಬಜಿಯವರೂ ಕಾಲವಾದರು. ಅವರ ನಿಧಿಯಿಂದ ೧೯೪೧ರ ಫೆಬ್ರುವರಿ ೨೮ರಂದು ಟಾಟಾ ಸ್ಮಾರಕ ಆಸ್ಪತ್ರೆಯು ತೆರೆಯಿತು. ೧೯೫೨ರಲ್ಲಿ ಭಾರತೀಯ ಅರ್ಬುದ ಸಂಶೋಧನ ಕೇಂದ್ರವು ಹುಟ್ಟಿ, ಡಾ. ವಿ. ಆರ್. ಖಾನೋಲಕರರು ಅದರ ಮೊದಲ ನಿರ್ದೇಶಕರಾದರು. ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ಕೆಲಸವನ್ನು ಡಾ. ಕಮಲ ರಣದಿವೆಯವರು ಅಲ್ಲಿಯೇ ನೆಲೆಗೊಳಿಸಿದರು. ೧೯೬೬ರಲ್ಲಿ ಆಸ್ಪತ್ರೆಯೂ ಕೇಂದ್ರವೂ ಒಂದುಗೂಡಿದವು. ೨೦೦೨ರಿಂದ ಸಂಶೋಧನೆಯ ಭಾಗವು ನವಿಮುಂಬಯಿಯ ಖಾರಘರದ ಗುಡ್ಡಗಳ ಕೆಳಗೆ ನಡೆಯುತ್ತಿದೆ. ಹಾರ್ಬರ್ ಮಾರ್ಗದ ಗಾಡಿಯಲ್ಲಿ ಪನವೇಲಿಗೆ ಹೋಗುವ ನಮ್ಮ ಎಷ್ಟೋ ಪಾಲಕರು ದಿನವೂ ಆ ನಿಲ್ದಾಣವನ್ನು ದಾಟುವರು.

ಮುಂಬಯಿಗೆ ಇನ್ನೊಂದು ಹಿರಿಮೆಯುಂಟು. ಯಾವ ಅರ್ಬುದವು ಎಷ್ಟು ಜನರಿಗೆ ಬರುವದೆಂದು ಇಡೀ ಊರಿನ ಲೆಕ್ಕವನ್ನು ಇಡುವ ನೋಂದಣಿ ಕಚೇರಿಯು ದೇಶದಲ್ಲಿ ಮೊದಲು ಇಲ್ಲಿಯೇ, ೧೯೬೩ರಲ್ಲಿ, ಆರಂಭವಾಯಿತು. ಮುಂದೆ ಬೆಂಗಳೂರು, ಚೆನ್ನೈಗಳಲ್ಲಿಯೂ ಇಂಥ ಲೆಕ್ಕ ಮೊದಲಾದ ಮೇಲೆ ಒಂದು ಸಂಗತಿ ಕಂಡುಬಂದಿತು: ಜಠರದ ಅರ್ಬುದವು ಮುಂಬಯಿಯಲ್ಲಿ ಕಡಿಮೆ, ಬೆಂಗಳೂರು ಚೆನ್ನೈಗಳಲ್ಲಿ ಹೆಚ್ಚು, ಈಶಾನ್ಯದ ಮಿಜೋರಾಮಿನಲ್ಲಂತೂ ದೇಶದಲ್ಲಿಯೇ ಅತಿ ಹೆಚ್ಚು. ಮಿಜೋರಾಮಿನಲ್ಲಿ ಹೊಗೆಯಾಡಿಸಿದ ಮಾಂಸ, ಹುದುಗಿಸಿದ ಹಂದಿಯ ಕೊಬ್ಬು, ತಂಬಾಕಿನ ಹೊಗೆಯನ್ನು ಹಾಯಿಸಿದ ನೀರು ಇವುಗಳ ಬಳಕೆಯನ್ನು ಪಂಡಿತರು ಬೊಟ್ಟುಮಾಡುವರು. ಜಗತ್ತಿನಲ್ಲಿ ೨೦೨೨ನೆಯ ವರ್ಷವೊಂದರಲ್ಲಿಯೇ ಸುಮಾರು ೯ ಲಕ್ಷ ೭೦ ಸಾವಿರ ಜನರಿಗೆ ಈ ರೋಗವು ಹೊಸತಾಗಿ ಬಂದಿತೆಂದೂ, ೬ ಲಕ್ಷ ೬೦ ಸಾವಿರದಷ್ಟು ಜನರು ಇದರಿಂದ ಮಡಿದರೆಂದೂ ಅಂದಾಜು. ಬಂದವರ ಸಂಖ್ಯೆಗೂ ಮಡಿದವರ ಸಂಖ್ಯೆಗೂ ಅಂತರವು ಎಷ್ಟು ಕಿರಿದೆಂಬದನ್ನು ಗಮನಿಸಿರಿ.

ರೋಗವು ಒಂದು ದಿನದಲ್ಲಿ ಹುಟ್ಟುವದಿಲ್ಲ. ಕೊಲಂಬಿಯಾ ದೇಶದ ಪೆಲಾಯೋ ಕೊರ್ರೆಯಾ ಎಂಬ ವೈದ್ಯರು ಇದರ ಮೆಟ್ಟಿಲುಗಳನ್ನು ತೋರಿಸಿಕೊಟ್ಟರು. ಮೊದಲು ಜಠರದ ಒಳಪೊರೆಗೆ ಬಹುಕಾಲದ ಉರಿಯೂತ, ಬಳಿಕ ಆಮ್ಲವನ್ನು ಸುರಿಸುವ ಗ್ರಂಥಿಗಳ ಸವೆತ, ಆಮೇಲೆ ಜಠರದ ಪೊರೆಯು ತನ್ನ ಕುಲವನ್ನೇ ಮರೆತು ಕರುಳಿನ ಪೊರೆಯಂತೆ ವೇಷ ಹಾಕುವದು, ಅನಂತರ ಕೋಶಗಳ ರೂಪ ಕೆಡುವದು, ಕಡೆಗೆ ಅರ್ಬುದ. ಇದಕ್ಕೆಲ್ಲ ಹತ್ತಾರು ವರ್ಷ ಹಿಡಿಯಬಹುದು. ಎಲ್ಲರಲ್ಲಿಯೂ ಇದೇ ದಾರಿಯೆಂದಲ್ಲ; ಕೋಶಗಳು ಒಂದೊಂದಾಗಿ ಬಿಡಿಬಿಡಿಯಾಗಿ ಗೋಡೆಯೊಳಗೆ ಹರಡುವ ಇನ್ನೊಂದು ಬಗೆಯೂ ಇದೆ. ಈ ಎರಡು ಬಗೆಗಳನ್ನು ಫಿನ್ಲೆಂಡಿನ ಲಾರೆನ್ ಎಂಬವರು ೧೯೬೫ರಲ್ಲಿಯೇ ಬೇರ್ಪಡಿಸಿ ಹೇಳಿದ್ದರು.

ಮೊದಲನೆಯ ಮೆಟ್ಟಿಲಿನ ಉರಿಯೂತಕ್ಕೆ ಮುಖ್ಯ ಕಾರಣವು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸುರುಳಿಯಾಕಾರದ ಸೂಕ್ಷ್ಮಾಣು. ಆಮ್ಲದ ಕುದಿಯಲ್ಲಿ ಯಾವ ಜೀವಿಯೂ ಬಾಳದೆಂದು ವೈದ್ಯಲೋಕವು ನಂಬಿದ್ದಾಗ, ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರು ೧೯೮೪ರಲ್ಲಿ ಆ ಸೂಕ್ಷ್ಮಾಣುವಿನ ದ್ರವವನ್ನು ತಾವೇ ಕುಡಿದು, ತಮ್ಮ ಜಠರದಲ್ಲಿಯೇ ಉರಿಯೂತವನ್ನು ಬರಿಸಿಕೊಂಡು ತೋರಿಸಿದರು! ಅವರಿಗೂ ರಾಬಿನ್ ವಾರೆನ್ ಅವರಿಗೂ ೨೦೦೫ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವಿದ್ಯಾರ್ಥಿಗಳು ಇಂಥ ಸಾಹಸಕ್ಕೆ ಕೈಹಾಕಬಾರದೆಂದು ಇಲ್ಲಿ ಹೇಳಿಬಿಡುವದು ಶಿಕ್ಷಕರಾದ ನಮ್ಮ ಧರ್ಮ.

ಆದರೆ ಭಾರತದಲ್ಲಿ ಒಂದು ಒಗಟಿದೆ. ನಮ್ಮ ದೇಶದ ವಯಸ್ಕರಲ್ಲಿ ಅರ್ಧಕ್ಕೂ ಹೆಚ್ಚು ಜನರ ಜಠರದಲ್ಲಿ ಈ ಸೂಕ್ಷ್ಮಾಣುವಿದ್ದರೂ, ಅರ್ಬುದವು ಬರುವದು ಅತಿ ಸ್ವಲ್ಪ ಜನರಿಗೆ. ಆದುದರಿಂದ ಸೂಕ್ಷ್ಮಾಣುವೊಂದೇ ಸಾಲದು; ಅದು ಕೋಶದೊಳಗೆ ಏನನ್ನು ಕೆಡಿಸುವದೆಂದು ನೋಡಬೇಕು. ಹುಡುಗನ ಪ್ರಶ್ನೆಯಿರುವದು ಇಲ್ಲಿಯೇ.

ಅವನಿಗೆ ನಾವು ಅವನ ತಂದೆ ದುಡಿದ ಅಡಿಗೆಮನೆಯನ್ನೇ ಉದಾಹರಣೆಯಾಗಿ ಕೊಟ್ಟೆವು. ಹೋಟೆಲಿನ ಧಣಿಯ ಕಪಾಟಿನಲ್ಲಿ ಎಲ್ಲ ತಿಂಡಿಗಳ ವಿಧಾನವನ್ನು ಬರೆದ ಒಂದು ದೊಡ್ಡ ಪುಸ್ತಕವು ಇದೆಯೆಂದು ತಿಳಿಯಿರಿ. ಅದನ್ನು ಹೊರಗೆ ಒಯ್ಯುವ ಹಾಗಿಲ್ಲ. ಬೇಕಾದ ಪುಟವನ್ನು ಒಂದು ಚೀಟಿಯ ಮೇಲೆ ನಕಲು ಮಾಡಿ ಅಡಿಗೆಮನೆಗೆ ಕಳುಹಿಸುವರು. ಭಟ್ಟರು ಅದನ್ನು ಓದಿ ತಿಂಡಿ ಮಾಡುವರು. ಜೀವಕೋಶದಲ್ಲಿ ಆ ಪುಸ್ತಕವೇ ಡಿ.ಎನ್.ಎ.; ಚೀಟಿಯೇ ಸಂದೇಶವಾಹಕ ಆರ್.ಎನ್.ಎ.; ಭಟ್ಟರೇ ರೈಬೋಸೋಮು; ತಿಂಡಿಯೇ ಪ್ರೋಟೀನು. ಎಲ್ಲ ಕೋಶಗಳಲ್ಲಿಯೂ ಪುಸ್ತಕವು ಒಂದೇ. ಆದರೆ ಕಣ್ಣಿನ ಕೋಶವು ನಕಲು ಮಾಡುವ ಪುಟಗಳು ಬೇರೆ, ಜಠರದ ಕೋಶವು ನಕಲು ಮಾಡುವ ಪುಟಗಳು ಬೇರೆ. ಆದುದರಿಂದ ಯಾವ ಚೀಟಿಯು ಎಷ್ಟು ಬರೆಯಲ್ಪಡುವದು, ಎಷ್ಟು ಹೊತ್ತು ಉಳಿಯುವದು ಎಂಬದರ ಮೇಲೆಯೇ ಕೋಶದ ನಡತೆಯು ನಿಂತಿದೆ.

ಬಹುಕಾಲದವರೆಗೆ ಪಂಡಿತರು ಚೀಟಿಯೆಂದರೆ ಬರಿಯ ಹಮಾಲನೆಂದು ತಿಳಿದಿದ್ದರು. ಮನುಷ್ಯನ ವಂಶವಾಹಿಗಳ ಪೂರ್ಣ ಬರಹವನ್ನು ಓದಿ ಮುಗಿಸಿದಾಗ ಅವರಿಗೆ ದಿಗಿಲಾಯಿತು. ಪ್ರೋಟೀನನ್ನು ಮಾಡುವ ವಂಶವಾಹಿಗಳು ಸುಮಾರು ೨೦ ಸಾವಿರ ಮಾತ್ರ. ಅವು ಆಕ್ರಮಿಸುವ ಭಾಗವು ಇಡೀ ಬರಹದ ನೂರರಲ್ಲಿ ಎರಡಕ್ಕಿಂತಲೂ ಕಡಿಮೆ. ಉಳಿದುದನ್ನು ಕಸವೆಂದು ಕರೆದವರೂ ಉಂಟು. ಆದರೆ ಆ ಕಸದಿಂದಲೂ ಕೋಶವು ಲೆಕ್ಕವಿಲ್ಲದಷ್ಟು ಚೀಟಿಗಳನ್ನು ಬರೆಯುತ್ತಿದ್ದಿತು. ಅವುಗಳಲ್ಲಿ ಯಾವ ತಿಂಡಿಯ ವಿಧಾನವೂ ಇರಲಿಲ್ಲ. ಮತ್ತೆ ಅವು ಏತಕ್ಕೆ?

ಉತ್ತರದ ಮೊದಲ ಎಳೆಯು ಸಿಕ್ಕಿದ್ದು ೧೯೯೩ರಲ್ಲಿ, ಒಂದು ಮಿಲಿಮೀಟರು ಉದ್ದದ ಹುಳುವಿನಲ್ಲಿ. ಅಮೇರಿಕೆಯ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಇವರು, ಸುಮಾರು ೨೨ ಅಕ್ಷರಗಳಷ್ಟೇ ಇರುವ ಒಂದು ಪುಟ್ಟ ಆರ್.ಎನ್.ಎ.ಯು ದೊಡ್ಡ ಚೀಟಿಯೊಂದಕ್ಕೆ ಅಂಟಿಕೊಂಡು, ಅದನ್ನು ಓದದಂತೆ ತಡೆಯುವದನ್ನು ಕಂಡರು. ಇದು ಹುಳುವಿನ ಒಂದು ವಿಚಿತ್ರವೆಂದು ಬಹಳ ಜನರು ಉಪೇಕ್ಷಿಸಿದರು. ೨೦೦೦ದಲ್ಲಿ ಅಂಥದೇ ಇನ್ನೊಂದು, ಲೆಟ್-೭ ಎಂಬ ಹೆಸರಿನದು, ಹುಳುವಿನಿಂದ ಮನುಷ್ಯನವರೆಗೆ ಎಲ್ಲರಲ್ಲಿಯೂ ಇರುವದೆಂದು ತಿಳಿದಾಗ ಲೋಕವು ತಿರುಗಿ ನೋಡಿತು. ಇವರಿಬ್ಬರಿಗೆ ನೊಬೆಲ್ ಪಾರಿತೋಷಕವು ಬಂದದ್ದು ೨೦೨೪ರಲ್ಲಿ. ಇವಕ್ಕೆ ಮೈಕ್ರೋ ಆರ್.ಎನ್.ಎ. ಎಂದು ಹೆಸರು. ನಮ್ಮ ಹೋಟೆಲಿನಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಹೆಚ್ಚಾದ ಚೀಟಿಗಳನ್ನು ಹರಿದು ಹಾಕುವ ಮೇಲ್ವಿಚಾರಕನೇ ಈ ಮೈಕ್ರೋ ಆರ್.ಎನ್.ಎ.

ಅವನು ತನ್ನ ಚೀಟಿಯನ್ನು ಗುರುತು ಹಿಡಿಯುವ ಬಗೆಯನ್ನು ತಿಳಿದಾಗ ಕನ್ನಡದ ಶಿಕ್ಷಕರಾದ ನಮಗೆ ರೋಮಾಂಚನವಾಯಿತು. ಹಳಗನ್ನಡದ ಪದ್ಯದಲ್ಲಿ ಪಾದಪಾದದ ಎರಡನೆಯ ಅಕ್ಷರವು ಒಂದಕ್ಕೊಂದು ಹೊಂದಬೇಕೆಂಬ ಪ್ರಾಸದ ನಿಯಮವನ್ನು ನೀವೆಲ್ಲ ಕಲಿತಿರುವಿರಿ. ಮೈಕ್ರೋ ಆರ್.ಎನ್.ಎ.ಯೂ ಹಾಗೆಯೇ! ಅದರ ೨೨ ಅಕ್ಷರಗಳಲ್ಲಿ ಎರಡನೆಯದರಿಂದ ಎಂಟನೆಯದರವರೆಗಿನವು ದೊಡ್ಡ ಚೀಟಿಯ ಅಕ್ಷರಗಳೊಂದಿಗೆ ಜೋಡಿಗೂಡಿದರೆ ಸಾಕು. ಉಳಿದವು ಅಷ್ಟಾಗಿ ಹೊಂದದಿದ್ದರೂ ನಡೆದೀತು. ಆದುದರಿಂದ ಒಬ್ಬ ಮೇಲ್ವಿಚಾರಕನು ನೂರಾರು ಬಗೆಯ ಚೀಟಿಗಳನ್ನು ತಡೆಯಬಲ್ಲನು. ಒಂದು ಚೀಟಿಯ ಮೇಲೆ ಹಲವು ಮೇಲ್ವಿಚಾರಕರು ಕಣ್ಣಿಡಬಲ್ಲರು. ಮನುಷ್ಯನ ಪ್ರೋಟೀನು ಮಾಡುವ ವಂಶವಾಹಿಗಳಲ್ಲಿ ಅರ್ಧಕ್ಕೂ ಮಿಕ್ಕವು ಈ ಕಾವಲಿಗೆ ಒಳಪಟ್ಟಿವೆಯೆಂದು ಲೆಕ್ಕ. ಇದನ್ನು ಜಾಲವೆಂದು ಕರೆಯುವದು ಅದಕ್ಕಾಗಿಯೇ: ಒಂದು ಎಳೆಯನ್ನು ಜಗ್ಗಿದರೆ ಇಡೀ ಬಲೆಯು ಅಲುಗುವದು.

ಈಗ ಜಠರಕ್ಕೆ ಹಿಂದಿರುಗೋಣ. ಸೂಕ್ಷ್ಮಾಣುವು ಒಳಪೊರೆಗೆ ಅಂಟಿಕೊಂಡು, ಸೂಜಿಯಂಥ ಅಂಗದಿಂದ ಕ್ಯಾಗ್-ಎ ಎಂಬ ಪ್ರೋಟೀನನ್ನು ಕೋಶದೊಳಗೆ ಚುಚ್ಚುವದು. ಕೂಡಲೇ ಮೇಲ್ವಿಚಾರಕರ ಸರದಿಯು ಬದಲಾಗತೊಡಗುವದು. ಮಿರ್-೧೪೬ಎ ಎಂಬದು ಏರಿ ಉರಿಯೂತವನ್ನು ಅಡಗಿಸಲು ಯತ್ನಿಸುವದು. ಇದು ದೇಹದ ಒಳ್ಳೆಯ ಬುದ್ಧಿ. ಆದರೆ ಲೆಟ್-೭ ಕುಗ್ಗುವದು. ರಾಸ್ ಎಂಬ, ಕೋಶಕ್ಕೆ ಬೆಳೆ ಬೆಳೆ ಎಂದು ಹೇಳುವ ಪ್ರೋಟೀನಿನ ಚೀಟಿಗಳನ್ನು ಹರಿಯಬೇಕಾದವನು ಇವನೇ. ಇವನು ಬಾಗಿಲಲ್ಲಿ ಇಲ್ಲವಾದ ಮೇಲೆ ಕೇಳುವವರಾರು? ಇತ್ತ ಮಿರ್-೨೧ ಎಂಬವನು ಮಿತಿಮೀರಿ ಹೆಚ್ಚುವನು. ಅವನು ಹರಿಯುವದು ಪಿ-ಟೆನ್ ಎಂಬ ಬೆಳವಣಿಗೆಯ ಲಗಾಮಿನ ಚೀಟಿಗಳನ್ನೇ. ಹೀಗೆ ಮೂಲಪುಸ್ತಕದ ಒಂದಕ್ಷರವೂ ಅಳಿಸದೆ ಇರುವಾಗಲೇ ಕೋಶಕ್ಕೆ ಲಗಾಮು ಸಡಿಲವಾಗಿ, ಬೆಳವಣಿಗೆಯ ಕೂಗು ಜೋರಾಗುವದು. ನಿಜ, ಮುಂದೆ ಪುಸ್ತಕದಲ್ಲಿಯೂ ತಪ್ಪುಗಳು ಸೇರಿಕೊಳ್ಳುವವು. ಎರಡೂ ಕೂಡಿಯೇ ರೋಗವನ್ನು ಬೆಳೆಸುವವು.

ಗಂತಿಯು ಗೋಡೆಯನ್ನು ದಾಟುವದು ಹೇಗೆ? ಒಳಪೊರೆಯ ಕೋಶಗಳು ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನಿಂದ ಒಂದರ ಕೈಯನ್ನು ಇನ್ನೊಂದು ಹಿಡಿದು ನಿಂತಿರುವವು. ಈ ಪ್ರೋಟೀನಿನ ವಂಶವಾಹಿಯಲ್ಲಿಯೇ ಹುಟ್ಟಿನಿಂದ ದೋಷವಿದ್ದರೆ ಒಂದೇ ಮನೆತನದಲ್ಲಿ ಹಲವರಿಗೆ ಎಳೆಯ ವಯಸ್ಸಿನಲ್ಲಿಯೇ ಜಠರದ ಅರ್ಬುದವು ಬರುವದೆಂದು ನ್ಯೂಜಿಲೆಂಡಿನ ಮಾವೊರಿ ಮನೆತನವೊಂದರಿಂದ ೧೯೯೮ರಲ್ಲಿ ತಿಳಿದುಬಂದಿತು. ಉಳಿದವರಲ್ಲಿ ಆ ಕೈಹಿಡಿತವನ್ನು ಬಿಡಿಸುವ ಒಂದು ಪ್ರೋಟೀನು ಜೆಬ್-೧. ಅದರ ಚೀಟಿಗಳನ್ನು ಮಿರ್-೨೦೦ ಎಂಬ ಕುಟುಂಬವು ಹರಿಯುತ್ತಿರುವದು. ಜೆಬ್-೧ ತಾನೂ ಸುಮ್ಮನಿರದೆ ಮಿರ್-೨೦೦ ಬರೆಯಲ್ಪಡದಂತೆ ಪುಸ್ತಕದ ಪುಟವನ್ನೇ ಮುಚ್ಚಿಡುವದು. ಅತ್ತೆ ಸೊಸೆಯರ ಜಗಳದಂತೆ, ಯಾರ ಕೈ ಮೇಲಾಗುವದೋ ಮನೆಯು ಅವರದು. ಜೆಬ್-೧ ಗೆದ್ದ ದಿನ ಕೋಶಗಳು ಕೈಬಿಟ್ಟು ಅಲೆಮಾರಿಗಳಾಗುವವು. ಹುಡುಗನ ತಂದೆಯವರ ಯಕೃತ್ತಿಗೆ ಹೋಗಿ ನೆಲಸಿದವು ಇಂಥ ಅಲೆಮಾರಿಗಳೇ.

ಕಥೆಯು ಇನ್ನೂ ಸೋಜಿಗವಾಗುವದು ಮುಂದೆ. ವಿಧಾನವಿಲ್ಲದ ಉದ್ದನೆಯ ಚೀಟಿಗಳ ಮಾತು ಹೇಳಿದೆವಷ್ಟೆ. ೨೦೦ ಅಕ್ಷರಗಳಿಗೂ ಮೀರಿದ ಇವುಗಳಲ್ಲಿ ಹಾಟೇರ್ ಎಂಬದೊಂದು ಜಠರದ ಗಂತಿಯಲ್ಲಿ ಹೆಚ್ಚಾಗಿರುವದು. ಇದರ ಮೇಲೆ ಮಿರ್-೩೩೧ ಎಂಬ ಮೇಲ್ವಿಚಾರಕನು ಹುಡುಕುವ ಪ್ರಾಸವೇ ಇದೆ! ಅವನು ಇದನ್ನು ಹಿಡಿದುಕೊಂಡು ಕುಳಿತಾಗ, ಅವನು ಹರಿಯಬೇಕಾಗಿದ್ದ ಹರ್-೨ ಎಂಬ ಪ್ರೋಟೀನಿನ ಚೀಟಿಗಳು ಪಕ್ಕದಿಂದಲೇ ನುಸುಳಿ ಭಟ್ಟರನ್ನು ಸೇರುವವು. ೨೦೧೪ರಲ್ಲಿ ಚೀನದ ಸಂಶೋಧಕರು ಇದನ್ನು ಪ್ರಕಟಿಸಿದರು. ಹರ್-೨ ಸಾಮಾನ್ಯ ವಸ್ತುವಲ್ಲ. ಅದು ಹೆಚ್ಚಾಗಿರುವ ಜಠರದ ಅರ್ಬುದಕ್ಕೆ ಟ್ರಾಸ್ಟುಜುಮಾಬ್ ಎಂಬ ಔಷಧವು ಆಯುಷ್ಯವನ್ನು ಕೆಲವು ತಿಂಗಳು ಹೆಚ್ಚಿಸುವದೆಂದು ೨೦೧೦ರಲ್ಲಿಯೇ ಸಿದ್ಧವಾಗಿದ್ದಿತು. ಹೀಗೆ ಸುಳ್ಳು ಪ್ರಾಸವನ್ನೊಡ್ಡಿ ಕಾವಲುಗಾರನನ್ನು ಹಿಡಿದಿಡುವ ಚೀಟಿಗಳಿಗೆ ಪಂಡಿತರು ಸ್ಪಂಜು ಎಂಬ ಹೆಸರಿಟ್ಟಿರುವರು. ತಲೆಬಾಲಗಳು ಒಂದಕ್ಕೊಂದು ಕೂಡಿ ಬಳೆಯಂತಾದ ಆರ್.ಎನ್.ಎ.ಗಳೂ ಉಂಟು. ಚೀಟಿಗಳನ್ನು ತುದಿಯಿಂದ ಮೆಲ್ಲುವ ಕಿಣ್ವಗಳಿಗೆ ಬಳೆಯಲ್ಲಿ ತುದಿಯೇ ಸಿಕ್ಕುವದಿಲ್ಲವಾದುದರಿಂದ ಅವು ಬಹುಕಾಲ ಬಾಳುವವು. ಅಂಥ ಒಂದು ಬಳೆಯಲ್ಲಿ ಮಿರ್-೭ಕ್ಕೆ ಹೊಂದುವ ೭೦ಕ್ಕೂ ಹೆಚ್ಚು ಸ್ಥಾನಗಳಿರುವದು ೨೦೧೩ರಲ್ಲಿ ಗೊತ್ತಾಯಿತು. ಎಲ್ಲ ಬಳೆಗಳೂ ಕೆಟ್ಟವಲ್ಲ. ಸರ್ಕ್-ಲಾರ್ಪ್೪ ಎಂಬದು ಜಠರದಲ್ಲಿ ಗಂತಿಯನ್ನು ತಡೆಯುವ ಪಕ್ಷದ್ದು. ರೋಗದಲ್ಲಿ ಕಡಿಮೆಯಾಗುವದು ಇಂಥದೇ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಆಡದೆ ಮುಂದೆ ಹೋಗಲಾರೆವು. ಸ್ಪಂಜಿನ ಕಲ್ಪನೆಯನ್ನು ೨೦೧೧ರಲ್ಲಿ ಮುಂದಿಟ್ಟಂದಿನಿಂದ ಜಠರದ ಅರ್ಬುದವೊಂದರ ಮೇಲೆಯೇ ಇಂಥ ಜಾಲಗಳ ಲೇಖನಗಳು ರಾಶಿಯಾಗಿ ಬಂದಿವೆ. ಇದು ಏರಿತು, ಅದು ಇಳಿಯಿತು, ನಡುವೆ ಒಂದು ಬಾಣದ ಗುರುತು. ಆದರೆ ಒಂದು ಕೋಶದಲ್ಲಿ ಮೇಲ್ವಿಚಾರಕರು ಸಾವಿರಗಟ್ಟಲೆ ಇರುವಾಗ ಹತ್ತಿಪ್ಪತ್ತು ಸುಳ್ಳು ಚೀಟಿಗಳು ಯಾರನ್ನು ಹಿಡಿದಿಟ್ಟಾವು? ೨೦೧೪ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಯಕೃತ್ತಿನ ಕೋಶಗಳಲ್ಲಿ ಎಣಿಸಿ ನೋಡಿ, ಸ್ಪಂಜು ಕೆಲಸ ಮಾಡಬೇಕಾದರೆ ಅದರ ಸಂಖ್ಯೆಯು ಸಹಜಕ್ಕಿಂತ ವಿಪರೀತವಾಗಿ ಹೆಚ್ಚಿರಬೇಕೆಂದು ತೋರಿಸಿದರು. ನಮ್ಮ ಅಲ್ಪಮತಿಗೆ ಈ ಎಣಿಕೆಯ ಮಾತೇ ಹೆಚ್ಚು ಒಪ್ಪಿಗೆಯಾಗುವದು. ಚಿತ್ರದಲ್ಲಿ ಬಾಣ ಎಳೆಯುವದು ಸುಲಭ, ಎಣಿಸುವದು ಕಷ್ಟ.

ಇದರಿಂದ ರೋಗಿಗೆ ಆಗುವ ಪ್ರಯೋಜನವೇನು? ಔಷಧದ ಯತ್ನವೊಂದು ನಡೆದು ಸೋತಿದೆ. ಮಿರ್-೩೪ ಎಂಬ ಒಳ್ಳೆಯ ಮೇಲ್ವಿಚಾರಕನನ್ನು ಕೊಬ್ಬಿನ ಗುಳ್ಳೆಯಲ್ಲಿ ತುಂಬಿ ಹಲವು ಬಗೆಯ ಅರ್ಬುದದ ರೋಗಿಗಳಿಗೆ ಚುಚ್ಚುವ ಪ್ರಯೋಗವು ೨೦೧೩ರಲ್ಲಿ ಮೊದಲಾಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ಕೆರಳಿ ಕೆಲವರು ಪ್ರಾಣ ಕಳೆದುಕೊಂಡುದರಿಂದ ೨೦೧೬ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ರೋಗವನ್ನು ಬೇಗ ಗುರುತಿಸುವ ದಾರಿಯಲ್ಲಿ ಬೆಳಕು ಕಾಣುತ್ತಿದೆ. ಮೈಕ್ರೋ ಆರ್.ಎನ್.ಎ.ಗಳು ಕೋಶದಿಂದ ಹೊರಬಿದ್ದು ರಕ್ತದಲ್ಲಿಯೂ ಕೆಡದೆ ತಿರುಗಾಡುವವು. ಸಿಂಗಾಪುರದ ವೈದ್ಯರು ಇಂಥ ೧೨ನ್ನು ಆರಿಸಿ, ಐದು ಸಾವಿರಕ್ಕೂ ಮಿಕ್ಕ ಜನರ ರಕ್ತದಲ್ಲಿ ಅಳೆದು, ಜಠರದ ಅರ್ಬುದವನ್ನು ಮೊದಲೇ ಸಂಶಯಿಸಬಹುದೆಂದು ೨೦೨೧ರಲ್ಲಿ ವರದಿ ಮಾಡಿರುವರು. ಜಪಾನಿನಲ್ಲಿ, ಮಿರ್-೧೨೪ರ ಪುಟಗಳಿಗೆ ಜಠರದ ಪೊರೆಯಲ್ಲಿ ಎಷ್ಟು ಮುದ್ರೆ ಬಿದ್ದಿದೆಯೆಂದು ಅಳೆದು, ಒಮ್ಮೆ ಗುಣವಾದವರಲ್ಲಿ ಯಾರಿಗೆ ಮತ್ತೆ ಗಂತಿಯು ಹುಟ್ಟಬಹುದೆಂದು ಊಹಿಸುವ ಅಧ್ಯಯನ ನಡೆದಿದೆ. ಇವು ದುರ್ಬೀನಿನ ನಳಿಗೆಗೆ ಬದಲಾಗಿ ಬಂದವಲ್ಲ. ಯಾರಿಗೆ ನಳಿಗೆಯನ್ನು ತಡಮಾಡದೆ ಇಳಿಸಬೇಕೆಂದು ಹೇಳುವವು. ಗುಳಿಗೆಗಳಲ್ಲಿ ಕಳೆದುಹೋದ ಆ ಆರು ತಿಂಗಳ ಬೆಲೆಯು ಇಲ್ಲಿ ತಿಳಿಯುವದು. ನಾಲ್ವತ್ತು ದಾಟಿದವರಿಗೆ ಹೊಸತಾಗಿ ಹೊಟ್ಟೆಯುರಿ ಬಂದು, ವಾರಗಳು ಕಳೆದರೂ ಹೋಗದೆ, ತೂಕವಿಳಿದು, ಊಟದ ಮೇಲೆ ಮನಸ್ಸು ಬಾರದೆ, ಮಲವು ಡಾಂಬರಿನಂತೆ ಕಪ್ಪಾದರೆ ಅದನ್ನು ಗ್ಯಾಸೆಂದು ಕರೆದು ಕುಳಿತುಕೊಳ್ಳಬಾರದೆಂದು, ಈ ಸಂಚಿಕೆಯನ್ನು ಮನೆಗೆ ಒಯ್ಯುವ ವಿದ್ಯಾರ್ಥಿಗಳು ತಂದೆತಾಯಿಗಳಿಗೆ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇವೆ.

ಇದನ್ನೆಲ್ಲ ನಾವು ಹುಡುಗನಿಗೆ ಎರಡು ಶನಿವಾರ, ಶಾಲೆ ಬಿಟ್ಟ ಮೇಲೆ, ಹಲಗೆಯ ಮೇಲೆ ಬರೆದು ವಿವರಿಸಿದೆವು. ವಿಜ್ಞಾನದ ಟೀಚರು ಜೊತೆಗಿದ್ದು ನಮ್ಮ ತಪ್ಪುಗಳನ್ನು ತಿದ್ದಿದರು. ಅವನು ಕೊನೆಯವರೆಗೂ ಸುಮ್ಮನೆ ಕೇಳಿ, “ಹಾಗಾದರೆ ಅಪ್ಪನ ಹೊಟ್ಟೆಯಲ್ಲಿ ಹರಿದುಹೋದದ್ದು ಯಾವ ಚೀಟಿ?” ಎಂದನು.

ಅದನ್ನು ನಾವು ಹೇಳಲಾರೆವೆಂದೆವು. ಆಗ ಟೀಚರು, ದುರ್ಬೀನಿನಿಂದ ಚಿವುಟಿ ತೆಗೆದ ಮಾಂಸದ ಚೂರನ್ನು ಪ್ರಯೋಗಶಾಲೆಗಳಲ್ಲಿ ಮೇಣದ ತುಂಡಿನಲ್ಲಿ ಹುದುಗಿಸಿ ವರ್ಷಗಟ್ಟಲೆ ಇಡುವರೆಂದೂ, ಅದರೊಳಗಿನ ಮೈಕ್ರೋ ಆರ್.ಎನ್.ಎ.ಗಳನ್ನು ಎಷ್ಟೋ ಕಾಲದ ಮೇಲೆಯೂ ಓದಬಹುದೆಂದೂ ತಿಳಿಸಿದರು. ಹುಡುಗನು ವಹಿಯ ಕೊನೆಯ ಪುಟದಲ್ಲಿ ಏನನ್ನೋ ಬರೆದುಕೊಂಡನು. ಬಳಿಕ, ಅಂಥ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಲು ಹತ್ತನೆಯ ಇಯತ್ತೆಯ ಮೇಲೆ ಇನ್ನು ಎಷ್ಟು ವರ್ಷ ಓದಬೇಕೆಂದೂ, ಮೇಣವು ಅಲ್ಲಿಯವರೆಗೆ ಕರಗದೆ ಇರುವದೇ ಎಂದೂ ಕೇಳಿದನು.